ಆತಕೂರಿನ ಕಾಳಿ, ಫ್ಲಾಂಡರ್ಸಿನ ಪತ್ರಾಶ್

ನಾಯಿಯ ಕಥೆಯೆಂದರೆ ಮಕ್ಕಳಿಗೆ ಅಚ್ಚುಮೆಚ್ಚು. ಆ ಕಥೆ ಅವರ ಮನಸ್ಸಿನಲ್ಲಿ ಏನನ್ನು ಬಿತ್ತುತ್ತದೆಂದು ಹೆತ್ತವರಾದ ನಾವು ವಿಚಾರಿಸುವುದು ಅಪರೂಪ. ಆಂಗ್ಲ ಲೇಖಕಿ ಉಯಿಡಾ 1872ರಲ್ಲಿ ಬರೆದ ‘ಎ ಡಾಗ್ ಆಫ್ ಫ್ಲಾಂಡರ್ಸ್’ ಎಂಬ ಕಿರುಕಾದಂಬರಿ ಈ ವಿಚಾರಕ್ಕೆ ತಕ್ಕ ಕೃತಿ.

ಕಥೆ ನಡೆಯುವುದು ಬೆಲ್ಜಿಯಂ ದೇಶದ ಆ್ಯಂಟ್‌ವರ್ಪ್ ನಗರದ ಸಮೀಪದ ಹಳ್ಳಿಯಲ್ಲಿ. ಕ್ರೂರ ಒಡೆಯನು ಸಾಯಲೆಂದು ದಾರಿಬದಿಯಲ್ಲಿ ಬಿಟ್ಟುಹೋದ ಪತ್ರಾಶ್ ಎಂಬ ನಾಯಿಯನ್ನು ಅನಾಥ ಬಾಲಕ ನೆಲ್ಲೊ ಮತ್ತು ಅವನ ಬಡ ಅಜ್ಜ ಗುಡಿಸಲಿಗೆ ತಂದು ಬದುಕಿಸುತ್ತಾರೆ. ಚೇತರಿಸಿಕೊಂಡ ನಾಯಿ ಅಜ್ಜನ ಹಾಲಿನ ಗಾಡಿಗೆ ತಾನಾಗಿಯೇ ಹೆಗಲು ಕೊಡುತ್ತದೆ. ಮುಂದೆ ಗಿರಣಿಗೆ ಬೆಂಕಿಯಿಟ್ಟನೆಂಬ ಸುಳ್ಳು ಅಪವಾದ ನೆಲ್ಲೊ ಮೇಲೆ ಬರುತ್ತದೆ. ಊರು ಬಾಗಿಲು ಮುಚ್ಚುತ್ತದೆ. ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಹಿಮದಲ್ಲಿ ಸಿಕ್ಕ ಗಿರಣಿ ಒಡೆಯನ ಹಣದ ಚೀಲವನ್ನು ಹಸಿದ ಬಾಲಕ ಹಿಂದಿರುಗಿಸುತ್ತಾನೆ. ಮರುದಿನ ಬೆಳಿಗ್ಗೆ ಪ್ರಧಾನಾಲಯದಲ್ಲಿ, ರೂಬೆನ್ಸನ ಶಿಲುಬೆಯ ಚಿತ್ರಗಳ ಬಳಿ, ಬಾಲಕನೂ ನಾಯಿಯೂ ಒಂದನ್ನೊಂದು ಅಪ್ಪಿಕೊಂಡು ಮಡಿದಿರುತ್ತಾರೆ.

ಬೋಧನೆಯ ಮಾತಿಲ್ಲದೆ, ದುಡಿಮೆಯ ಮೂಲಕವೇ ಪ್ರೀತಿಯನ್ನು ತೋರಿಸಿರುವುದು ಕೃತಿಯ ಹಿರಿಮೆ. ಆದರೆ ಪಶ್ಚಾತ್ತಾಪಪಟ್ಟ ಒಡೆಯನೂ ಬಾಲಕನನ್ನು ಶಿಷ್ಯನಾಗಿ ಸ್ವೀಕರಿಸಬಯಸಿದ ಚಿತ್ರಕಾರನೂ ಸಾವಿನ ಮರುಗಳಿಗೆಯಲ್ಲೇ ಬಂದು ನಿಲ್ಲುವುದು ಕೃತಕ. ಸಾವೇ ಬಡವನಿಗೆ ಲೇಸೆಂಬ ಲೇಖಕಿಯ ಧ್ವನಿಯನ್ನು ನಾವು ಒಪ್ಪಲಾಗದು. ಅಮೆರಿಕದ ಕೆಲವು ಚಲನಚಿತ್ರಗಳು ಬಾಲಕನನ್ನು ಬದುಕಿಸಿವೆ, ಅದೂ ಸರಿಯಲ್ಲ. ಹಾಗೆ ಮಾಡಿದರೆ ಊರವರ ತಪ್ಪು ಹಗುರವಾಗುತ್ತದೆ. ಲಾಜರನ ಹುಣ್ಣುಗಳನ್ನು ನಾಯಿಗಳು ನೆಕ್ಕುತ್ತಿದ್ದಾಗ ಬಾಗಿಲೊಳಗೆ ಔತಣ ನಡೆದಿತ್ತೆಂಬುದನ್ನು ಮಕ್ಕಳು ಅರಿಯಲೇಬೇಕು.

ಇಂಥ ಕಥೆಗೆ ನಮ್ಮ ನೆಲದಲ್ಲೂ ಬೇರಿದೆ. ಇಂದಿನ ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಗಂಗರ ಬೂತುಗನ ಸೇವಕ ಮಣಲೆರನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದಾಗ, ಮೆಚ್ಚಿದ ಅರಸನಿಂದ ಬೇಡಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿತು; ಎರಡೂ ಸತ್ತವು. ಅದರ ನೆನಪಿಗೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲಿನ ಸೇವೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುವುದೆಂದು ಶಾಸನ ಎಚ್ಚರಿಸುತ್ತದೆ.

2016ರಲ್ಲಿ ಆ್ಯಂಟ್‌ವರ್ಪಿನ ಪ್ರಧಾನಾಲಯದ ಮುಂದೆಯೂ ನೆಲ್ಲೊ ಮತ್ತು ಪತ್ರಾಶ್ ಮಲಗಿರುವ ಶಿಲ್ಪವನ್ನು ಸ್ಥಾಪಿಸಲಾಯಿತು. ಅದು ಕಣ್ಣೀರು ತರಿಸುತ್ತದೆ. ಆತಕೂರಿನ ಕಲ್ಲು ಕರ್ತವ್ಯವನ್ನು ವಿಧಿಸುತ್ತದೆ. ಕಾಳಿಯ ಕಥೆಯಲ್ಲಿ ಮಗುವಿಲ್ಲ, ನಿಜ. ಬಲ್ಲ ಲೇಖಕರೊಬ್ಬರು ತಲಕಾಡಿನ ಬಾಲಕನೊಬ್ಬನನ್ನು ಅದರ ಪಕ್ಕದಲ್ಲಿರಿಸಿ ಕಾದಂಬರಿ ಬರೆದರೆ ನಂಜನಗೂಡಿನ, ನರಸೀಪುರದ ಮಕ್ಕಳಿಗೆ ಅದು ತಮ್ಮದೇ ಕಥೆಯಾಗುವುದು. ಅಲ್ಲಿಯವರೆಗೆ ಪತ್ರಾಶ್‌ನ ಕಥೆಯನ್ನು ಮನೆಯಲ್ಲಿ ಓದಿ ಹೇಳೋಣ. ಕೊನೆಯಲ್ಲಿ ಮಗು ಅತ್ತರೆ ಸಮಾಧಾನಪಡಿಸಿ, ಆ ಊರಿನಲ್ಲಿ ನಾವಿದ್ದಿದ್ದರೆ ನೆಲ್ಲೊಗೆ ಬಾಗಿಲು ತೆರೆಯುತ್ತಿದ್ದೆವೇ ಎಂದು ಒಟ್ಟಿಗೆ ಕೇಳಿಕೊಳ್ಳೋಣ.