ಕಪ್ಪೆಯ ಮೂತ್ರಪಿಂಡ, ಗಾಜಿನ ನಳಿಕೆ

ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಕಪ್ಪೆಗಳಿಗೆ ಅದೇ ಹಬ್ಬ. ಕಪ್ಪೆ ನೀರನ್ನು ಚರ್ಮದಿಂದಲೇ ಹೀರುತ್ತದೆ. ಹೆಚ್ಚಾದದ್ದನ್ನು ತೆಳು ಮೂತ್ರವಾಗಿಸಿ ಹೊರಹಾಕುವುದು ಅದರ ಮೂತ್ರಪಿಂಡ.

ಆ ಕೆಲಸದ ಗುಟ್ಟು ಬಿಡಿಸಿದ್ದು ಒಂದು ಗಾಜಿನ ನಳಿಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ಸ್ ಮತ್ತು ವೆರ್ನ್ 1924ರಲ್ಲಿ ಪ್ರಕಟಿಸಿದ ಪ್ರಯೋಗವದು. ಬದುಕಿರುವ ಕಪ್ಪೆಯ ಮೂತ್ರಪಿಂಡವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ರಕ್ತ ಸೋಸುವ ಒಂದೇ ಒಂದು ಗ್ಲೊಮೆರುಲಸ್‌ನ ಚೀಲಕ್ಕೆ ನಳಿಕೆಯ ಕೂದಲಿಗಿಂತ ಸಪೂರವಾದ ತುದಿ ಚುಚ್ಚಿ, ತೀರಾ ಅಲ್ಪ ದ್ರವ ತೆಗೆದರು. ಎಂಥ ಕೈ ಅವು! ಆ ದ್ರವದಲ್ಲಿ ಸಕ್ಕರೆಯಿತ್ತು, ಪ್ರೋಟೀನ್ ಇರಲಿಲ್ಲ. ಮೂತ್ರಕೋಶದ ಮೂತ್ರದಲ್ಲಿ ಸಕ್ಕರೆಯೂ ಇರಲಿಲ್ಲ. ಅಂದರೆ ಮೂತ್ರಪಿಂಡ ಮೊದಲು ಪ್ರೋಟೀನ್ ತಡೆದು ಸಕ್ಕರೆಯಂಥವನ್ನು ಸೋಸಿಬಿಟ್ಟು, ಆಮೇಲೆ ಬೇಕಾದ್ದನ್ನು ದಾರಿಯಲ್ಲೇ ಮರಳಿ ಪಡೆಯುತ್ತದೆ.

ಶರೀರಶಾಸ್ತ್ರದಲ್ಲಿ ಇದಕ್ಕಿಂತ ಅಂದವಾದ ಪ್ರಯೋಗವನ್ನು ನಾನು ಕಂಡಿಲ್ಲ.