ನಾಯಿ ಮಾಡಿದ ಪಾಪ

ಕಳೆದ ಶ್ರಾವಣದಲ್ಲಿ ಕಾತ್ರಜದ ನಮ್ಮ ಮನೆಯಲ್ಲಿ ನಡೆದ ಒಂದು ಅಲ್ಪ ಪ್ರಸಂಗವೇ ಈ ಲೇಖನಕ್ಕೆ ಪ್ರೇರಣೆ. ತಿದ್ದಲೆಂದು ತಂದಿರಿಸಿದ್ದ ಕರಡಚ್ಚಿನ ಹಾಳೆಗಳು ಒಂದು ಸಂಜೆ ಚೂರುಚೂರಾಗಿ ನೆಲದ ಮೇಲೆ ಹರಡಿದ್ದವು. ಪಕ್ಕದಲ್ಲಿಯೇ ಮನೆಯ ನಾಯಿ ಮೋತಿ ಮಲಗಿತ್ತು. ನನ್ನ ದನಿ ಏರುತ್ತಲೇ ಅದು ಕಿವಿಗಳನ್ನು ಹಿಂದಕ್ಕೊತ್ತಿ, ಬಾಲವನ್ನು ಕಾಲ ಸಂದಿಗೆ ಸೇರಿಸಿ, ದೃಷ್ಟಿಯನ್ನು ಬೇರೆಡೆಗೆ ಹೊರಳಿಸಿ ಮೂಲೆ ಹಿಡಿಯಿತು. "ನೋಡಿ, ತಾನಾಗಿ ಒಪ್ಪಿಕೊಳ್ಳುತ್ತಿದೆ" ಎಂದರು ಆಗ ಬಂದಿದ್ದ ನೆರೆಮನೆಯ ಮಿತ್ರರು. ನಾನೂ ಹಾಗೆಯೇ ತಿಳಿದು, ಮಡಿಸಿದ ವರ್ತಮಾನಪತ್ರಿಕೆಯಿಂದ ಎರಡೇಟು ಕೊಟ್ಟೆನು. ಮೂರು ದಿನಗಳ ತರುವಾಯ ಕಪಾಟನ್ನು ಸರಿಸಿದಾಗ ಅದರ ಹಿಂದೆ ಇಲಿಯ ಗೂಡು ದೊರೆಯಿತು. ಗೂಡಿನ ತುಂಬ ಕರಡಚ್ಚಿನ ಚೂರುಗಳು, ನಾನು ಹಸಿರು ಮಸಿಯಲ್ಲಿ ಮಾಡಿದ್ದ ತಿದ್ದುಪಡಿಗಳ ಸಹಿತವಾಗಿ.

ಹಾಗಾದರೆ ಅಂದು ಆ ನಾಯಿ ಒಪ್ಪಿಕೊಂಡದ್ದಾದರೂ ಏನನ್ನು?

ಈ ಪ್ರಶ್ನೆಯನ್ನು ವಿಜ್ಞಾನಿಗಳು ಕ್ರಮವಾಗಿ ಪರೀಕ್ಷಿಸಿದ್ದಾರೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14 ನಾಯಿಗಳಿದ್ದವು. ತಿನ್ನಕೂಡದೆಂದು ವಿಧಿಸಿ ಯಜಮಾನನು ತಿಂಡಿಯನ್ನು ಮುಂದಿಟ್ಟು ಕೋಣೆಯಿಂದ ಹೊರಗೆ ಹೋಗುವನು. ಮರಳಿದಾಗ ನಾಯಿ ತಿಂದಿದೆಯೆಂದೋ ಇಲ್ಲವೆಂದೋ ಅವನಿಗೆ ಹೇಳಲಾಗುವುದು. ಕೆಲವೊಮ್ಮೆ ಹಾಗೆ ಹೇಳಿದ್ದು ಸುಳ್ಳು. ತಿಂದ ನಾಯಿಗೂ ತಿನ್ನದ ನಾಯಿಗೂ ಮೋರೆಯಲ್ಲಿ ಭೇದ ಕಾಣಲಿಲ್ಲ. ಗದರಿಸಿಕೊಂಡ ನಾಯಿಗೂ ಗದರಿಸಿಕೊಳ್ಳದ ನಾಯಿಗೂ ಭೇದ ಕಂಡಿತು. ಏನೂ ಮಾಡದೆ ಬೈಸಿಕೊಂಡ ನಾಯಿಯಲ್ಲಿಯೇ ಆ 'ತಪ್ಪಿತಸ್ಥ'ನ ಮೋರೆ ಹೆಚ್ಚು ಸ್ಫುಟವಾಗಿತ್ತೆಂಬುದು ಇಲ್ಲಿಯ ವಿಶೇಷ. ಇದರಿಂದ ನಾಯಿಗೆ ಪಶ್ಚಾತ್ತಾಪವೇ ಇಲ್ಲವೆಂದು ಸಿದ್ಧವಾಗಲಿಲ್ಲ. ಆ ಮೋರೆ ಪಶ್ಚಾತ್ತಾಪಕ್ಕೆ ಸಾಕ್ಷಿಯಲ್ಲವೆಂಬಷ್ಟು ಮಾತ್ರ ಸಿದ್ಧವಾಯಿತು. ಪ್ರತಿಪಕ್ಷಕ್ಕೂ ಒಂದು ನಿದರ್ಶನವುಂಟು. ಕೊನ್ರಾಡ್ ಲೊರೆಂಟ್ಸ್ ನಾಯಿಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಬುಲ್ಲಿ ಎಂಬ ತಮ್ಮ ನಾಯಿಯ ಸಂಗತಿಯನ್ನು ಹೇಳುತ್ತಾರೆ. ನಾಯಿಗಳ ಜಗಳ ಬಿಡಿಸಹೋದಾಗ ಅದು ಅರಿಯದೆ ಅವರ ಕೈಯನ್ನೇ ಕಚ್ಚಿತು. ಅವರು ಗದರಿಸದೆ ಸಂತೈಸಿದರೂ ಅದು ನಡುಗುತ್ತ ಬಿದ್ದುಕೊಂಡು ಅನ್ನವನ್ನೇ ಮುಟ್ಟದಾಯಿತಂತೆ. ಇದನ್ನು ಅಂಜಿಕೆಯೆಂಬ ಒಂದೇ ಮಾತಿನಿಂದ ತಳ್ಳಿಹಾಕಲು ನನಗೆ ಧೈರ್ಯವಿಲ್ಲ.

ನಮ್ಮ ನುಡಿಯಾದರೋ ಇಲ್ಲಿ ಸೂಕ್ಷ್ಮವಾದ ಭೇದಗಳನ್ನು ಮೊದಲೇ ಮಾಡಿಟ್ಟಿದೆ. ಅಳುಕಿಗೆ ಎದುರಿಗಿರುವ ಕೈ ಸಾಕು, ಏರಿದ ದನಿ ಸಾಕು. ಪಶ್ಚಾತ್ತಾಪವು ಹೆಸರೇ ಹೇಳುವಂತೆ ಬಳಿಕ ಹುಟ್ಟುವ ಬೇಗೆ. ಅದಕ್ಕೆ ನೆನಪು ಬೇಕು, ಆ ಕೆಲಸ ಮಾಡಿದವನು ತಾನೆಂಬ ಗುರುತು ಬೇಕು. ಪಾಪಕ್ಕೆ ಇವೆರಡೂ ಬೇಡ. ಮಾಡಿದವನು ಮರೆತರೂ ಅದು ಲೆಕ್ಕದಲ್ಲಿ ಉಳಿಯುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನ ಅತ್ಯಂತ ಪ್ರಸಿದ್ಧ ನಾಯಿಯ ಬಳಿಗೆ ಹೋಗೋಣ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ವಾಚಕರಿಗೆ ಅಪರಿಚಿತವಲ್ಲ. ಶಕ 872, ಎಂದರೆ ಕ್ರಿ.ಶ. 949–50ರ ಆ ಕಲ್ಲು ಈಗ ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಕದನಕ್ಕೆ ಅದು ದೊಡ್ಡ ಆಧಾರ. ಆದುದರಿಂದ ಇತಿಹಾಸಕಾರರು ಅದನ್ನು ಯುದ್ಧದ ಕಾರಣಕ್ಕಾಗಿ ಓದುತ್ತಾರೆ. ಕಲ್ಲಿನ ಮೇಲ್ಭಾಗದಲ್ಲಿ ಕಡೆದಿರುವುದು ಮಾತ್ರ ಒಂದು ನಾಯಿ, ಒಂದು ಹಂದಿ. ಗಂಗ ಬೂತುಗನು ತನ್ನ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು, ಕಲ್ಲಿನ ಪೂಜೆಗೆ ಭೂಮಿ.

ನಮ್ಮ ಭಾಷಣಕಾರರು ಇದನ್ನು ಸ್ವಾಮಿಭಕ್ತಿಯ ಉದಾಹರಣೆಯಾಗಿ ಎತ್ತಿ ಹೇಳುವುದುಂಟು. ಪುಣೆಯಲ್ಲಿ ನೆಲಸಿದ ನಮಗೆ ರಾಯಗಡದ ವಾಘ್ಯಾನ ಸಮಾಧಿಯ ಕಥೆ ಕಿವಿಗೆ ಬಿದ್ದಿರುವುದರಿಂದ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಪ್ರಲೋಭನೆ ಹೆಚ್ಚು. ಆದರೆ ಚಿತೆಗೆ ಹಾರಿದ ವಾಘ್ಯಾನ ವಿಷಯದಲ್ಲಿ ಸಮಕಾಲೀನ ದಾಖಲೆಯಿಲ್ಲ. ಆ ಸ್ಮಾರಕ 1936ರದು. ಕಾಳಿಯ ಕಲ್ಲು ಕಾಳಿಯ ಕಾಲದ್ದೇ. ಆ ಸಮಕಾಲೀನ ಸಾಕ್ಷಿಯು ನಾಯಿಯ ಅಂತರಂಗದ ಬಗೆಗೆ ಮೌನವಾಗಿದೆ: ಅದು ಭಕ್ತಿಯಿಂದ ಹೋರಿತೆಂದಿಲ್ಲ, ಹೋರಿತು, ಸತ್ತಿತು ಎಂದಷ್ಟೇ ಇದೆ.

ಕೊನೆಯ ಶಾಪವಾಕ್ಯದಲ್ಲಿ ಮಾತ್ರ ಒಂದು ಚಕಿತಗೊಳಿಸುವ ಮಾತು ಬರುತ್ತದೆ. ಶಾಸನಗಳಲ್ಲಿ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎನ್ನುವುದು ವಾಡಿಕೆ. ಇಲ್ಲಿಯ ಗೊರವನಿಗೆ ವಿಧಿಸಿರುವುದು ಬೇರೆ: ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನದಾಗುವುದು. ಅಂದರೆ ಹತ್ತನೆಯ ಶತಮಾನದ ಕನ್ನಡಿಗನು ನಾಯಿಗೆ ಪಾಪವುಂಟೆಂದು ಒಪ್ಪಿದ್ದನು. ಪೂಜೆಯನ್ನು ಸಲ್ಲಿಸುತ್ತಲೇ ಅದರ ಪಾಪವನ್ನೂ ಮರೆಯದೆ ಕಲ್ಲಿಗೆ ಹಾಕಿಸಿದನು. ಆದರೆ ಆ ಪಾಪ ಒಬ್ಬರಿಂದ ಒಬ್ಬರಿಗೆ ದಾಟಬಲ್ಲ ಸಾಲದಂಥದು. ಪಶ್ಚಾತ್ತಾಪವನ್ನು ಹಾಗೆ ಇನ್ನೊಬ್ಬನ ತಲೆಗೆ ಕಟ್ಟಲಾಗದು. ನಾಯಿ ಮರುಗಿತೇ ಎಂಬ ಪ್ರಶ್ನೆಗೆ ಶಾಸನಕಾರನು ಕೈಹಾಕಲಿಲ್ಲ. ಈ ಸಂಯಮವನ್ನು ನಾನು ಅವನ ತೂಕವೆಂದೇ ಎಣಿಸುತ್ತೇನೆ.

ಜೈನ ಕವಿಗೆ ಇಂಥ ಸಂಕೋಚವಿರಬೇಕಾಗಿರಲಿಲ್ಲ. ಆ ದರ್ಶನದಲ್ಲಿ ನಾಯಿ ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳ ಸಂಜ್ಞಿ ಜೀವ. ಆದರೂ 1209ರ 'ಯಶೋಧರ ಚರಿತೆ'ಯಲ್ಲಿ ಜನ್ನನು ಆರಿಸಿಕೊಂಡ ಕಥೆಯನ್ನು ನೋಡಿರಿ: ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಕ್ಕಳಲ್ಲಿ ಮಗನು ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ, ಆ ನಾಯಿಯ ಬಾಯಲ್ಲಿಯೇ ನವಿಲು ಸಾಯುತ್ತದೆ. ಅಲ್ಲಿಯ ದಾರುಣತೆಯೆಲ್ಲ ನಾಯಿಗೆ ಗುರುತು ಹತ್ತದಿರುವುದರಲ್ಲಿದೆ. ಮರುಕವು ಮಾತಾಗುವುದು ಅವರು ಮತ್ತೆ ಮನುಷ್ಯರಾಗಿ ಹುಟ್ಟಿ ತಮ್ಮ ಕಥೆಯನ್ನು ತಾವೇ ಹೇಳುವಾಗ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಹುಲಿಯನಷ್ಟು ಜೀವಂತವಾದ ನಾಯಿ ಕನ್ನಡದಲ್ಲಿ ಮತ್ತೊಂದಿಲ್ಲ. ಅದು ತುಂಬಿದ ತುಂಗೆಯ ಪಾಲಾದಾಗ ನೋಯಬೇಕಾದವನು ಗುತ್ತಿ.

ನನ್ನ ಪ್ರಕರಣಕ್ಕೆ ನೇರವಾಗಿ ಸಲ್ಲುವ ಕಥೆ ಮಾತ್ರ ಇವೆಲ್ಲಕ್ಕಿಂತ ಹಳೆಯದು, ಮಹಾಭಾರತದ ಆದಿಪರ್ವದ್ದು. ಜನಮೇಜಯನ ಯಾಗಶಾಲೆಯಲ್ಲಿ ಅವನ ತಮ್ಮಂದಿರು ಒಂದು ನಾಯಿಮರಿಯನ್ನು ಹೊಡೆದಟ್ಟುತ್ತಾರೆ. ಅದು ಅಳುತ್ತ ತಾಯಿ ಸರಮೆಯ ಬಳಿಗೆ ಹೋದರೆ, ನೀನೇ ಏನೋ ತಪ್ಪು ಮಾಡಿರಬೇಕೆಂದು ತಾಯಿಯೂ ಮೊದಲು ಮರಿಯನ್ನೇ ಶಂಕಿಸುತ್ತಾಳೆ! ಹವಿಸ್ಸನ್ನು ನಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ಯಾಗಶಾಲೆಗೆ ಹೋಗಿ, ತಪ್ಪಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಾಗ ಅಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಶಪಿಸಿ ಅವಳು ಹೊರಟುಹೋದಳು. ನಾಯಿಯ ನಿರಪರಾಧವನ್ನು ನಾಯಿಯ ಬಾಯಿಂದಲೇ ನುಡಿಸಿದ ಆ ಕವಿಯು, ಹೊರೊವಿಟ್ಸರ ಪ್ರಯೋಗದಲ್ಲಿ ತಿನ್ನದೆ ಬೈಸಿಕೊಂಡ ನಾಯಿಯನ್ನು ಬಲ್ಲವನಾಗಿದ್ದನೆಂದು ನನಗೆ ತೋರುತ್ತದೆ.

ಇಲಿಯ ಗೂಡು ಸಿಕ್ಕ ದಿನ ಮೋತಿಗೆ ಬೆಲ್ಲ ಹಾಕಿದ ರೊಟ್ಟಿಯನ್ನು ಕೊಟ್ಟೆನು. ಏತಕ್ಕೆಂದು ಕೇಳದೆ ತಿಂದಿತು. ಕಾತ್ರಜದ ಕೆರೆಯ ಕಡೆಗೆ ಬೆಳಗಿನ ತಿರುಗಾಟಕ್ಕೆ ಎಂದಿನಂತೆ ನನ್ನ ಮುಂದೆಯೇ ಓಡುತ್ತದೆ. ಆದರೆ ನಾನು ಆ ಕಪಾಟಿನ ಬಳಿಗೆ ಕಾಗದ ತೆಗೆಯಲು ಹೋದಾಗಲೆಲ್ಲ, ಯಾರೂ ದನಿಯೆತ್ತದಿದ್ದರೂ, ಅದರ ಕಿವಿಗಳು ಹಿಂದಕ್ಕೆ ಒತ್ತಿಕೊಳ್ಳುತ್ತವೆ. ಮಿತ್ರರು ಮೊನ್ನೆ ಬಂದಿದ್ದಾಗ ಅದನ್ನು ಕಂಡು, "ಇನ್ನೂ ಮರೆತಿಲ್ಲ ನೋಡಿ" ಎಂದರು. ಈ ಸಲ ಅವರ ಮಾತನ್ನು ನಾನು ಅಲ್ಲಗಳೆಯಲಿಲ್ಲ.