ಯಾರನ್ನು ಉಳಿಸಿಕೊಳ್ಳುವುದು, ಎಷ್ಟಕ್ಕೆ?

2011ರ ಏಪ್ರಿಲ್ 22ರಂದು ಕ್ರಿಸ್ ಗೇಲ್ ಈಡನ್ ಗಾರ್ಡನ್ಸ್‌ನಲ್ಲಿ 55 ಎಸೆತಗಳಲ್ಲಿ ಔಟಾಗದೆ 102 ಹೊಡೆದು ಬೆಂಗಳೂರನ್ನು ಗೆಲ್ಲಿಸಿದರು. ಆರ್‌ಸಿಬಿ ಅಭಿಮಾನಿಗಳಿಗೆ ಆ ಇನ್ನಿಂಗ್ಸ್ ಬಾಯಿಪಾಠ. ಕೋಲ್ಕತ್ತದವರಿಗೆ ಅದೇ ಇನ್ನಿಂಗ್ಸ್ ಹಲ್ಲುನೋವಿನಂತೆ ಉಳಿದಿದೆ, ಏಕೆಂದರೆ ಹಿಂದಿನ ವರ್ಷದವರೆಗೆ ಗೇಲ್ ನೈಟ್ ರೈಡರ್ಸ್ ಆಟಗಾರ. ಅವರನ್ನು ಕೈಬಿಟ್ಟರು, ಜನವರಿಯ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ಡರ್ಕ್ ನ್ಯಾನಸ್ ಗಾಯಗೊಂಡಾಗ ಬದಲಿ ಆಟಗಾರನಾಗಿ ಬೆಂಗಳೂರು ಕರೆಸಿಕೊಂಡಿತು. ಮೊದಲ ಪಂದ್ಯವೇ ಹಳೆಯ ಮನೆಯ ಅಂಗಳದಲ್ಲಿ ಬಿತ್ತು.

ಫ್ಯಾಂಟಸಿ ಫುಟ್‌ಬಾಲ್‌ನ ಅಂಕಣದಲ್ಲಿ ಕ್ರಿಕೆಟ್ ಏಕೆ ಎಂದು ಕೇಳುವವರಿಗೆ ಉತ್ತರ ಇದೆ. ಕೀಪರ್ ಲೀಗ್ ಎಂಬ ಆಟದ ಒಳಗುಟ್ಟುಗಳನ್ನು ಕೋಟಿಗಟ್ಟಲೆ ಸುರಿದು ನಮಗಾಗಿ ಪ್ರಯೋಗ ಮಾಡಿ ತೋರಿಸುತ್ತಿರುವ ಊರು ಕೋಲ್ಕತ್ತ. ಪುಕ್ಕಟೆ ಪಾಠ ಬಿಡುವುದು ಬೇಡ.

ಹೊಸಬರಿಗಾಗಿ ನಾಲ್ಕು ಮಾತು. ಬಹುತೇಕರು ಆಡುವ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ ಎಲ್ಲರಿಗೂ 10 ಕೋಟಿ ಪೌಂಡಿನ ಬೊಕ್ಕಸ, 15 ಆಟಗಾರರು, ಒಂದು ಕ್ಲಬ್ಬಿನಿಂದ ಮೂವರೇ. ಗೋಲುಗಳ ಸರದಾರ ಹಾಲಂಡ್ ನಿಮ್ಮ ಬಳಿಯೂ ಇರಬಹುದು, ನಿಮ್ಮ ಭಾವಮೈದುನನ ಬಳಿಯೂ ಇರಬಹುದು. ಡ್ರಾಫ್ಟ್ ಲೀಗ್‌ನಲ್ಲಿ ಹಾಗಿಲ್ಲ. ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಬೇಕು, ಒಬ್ಬ ಆಟಗಾರನಿಗೆ ಒಬ್ಬನೇ ಒಡೆಯ. ಸೀಸನ್ ಮುಗಿದ ಮೇಲೆ ಎಲ್ಲರನ್ನೂ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿದರೆ ಅದು ಮಾಮೂಲಿ ಡ್ರಾಫ್ಟ್. ಮುಂದಿನ ವರ್ಷಕ್ಕೆ ಇಬ್ಬರನ್ನೋ ಮೂವರನ್ನೋ ಉಳಿಸಿಕೊಳ್ಳಲು ಬಿಟ್ಟರೆ ಕೀಪರ್ ಲೀಗ್. ತಂಡವನ್ನೆಲ್ಲ ಕಾಯಂ ಮಾಡಿದರೆ ಡೈನಾಸ್ಟಿ. ಅದು ಬಿಡುವಿಲ್ಲದ ವ್ಯಸನ, ಸಂಸಾರಸ್ಥರಿಗೆ ನಾನು ಶಿಫಾರಸು ಮಾಡುವುದಿಲ್ಲ.

ಕೀಪರ್ ಬೇಕೇ ಬೇಡವೇ ಎಂಬ ಚರ್ಚೆ ಸಾಮಾನ್ಯವಾಗಿ ‘ಎಷ್ಟು ಜನರನ್ನು ಉಳಿಸಿಕೊಳ್ಳೋಣ’ ಎಂಬಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ನನಗೆ ಆ ಪ್ರಶ್ನೆ ಅಷ್ಟು ದೊಡ್ಡದೆನಿಸುವುದಿಲ್ಲ. 2011ರಲ್ಲಿ ಐಪಿಎಲ್ ತಂಡಗಳಿಗೆ ನಾಲ್ವರನ್ನು ಉಳಿಸಿಕೊಳ್ಳುವ ಅವಕಾಶವಿತ್ತು. ನಾಲ್ವರಿಗೂ ಸೇರಿ 90 ಲಕ್ಷ ಡಾಲರಿನ ಬೊಕ್ಕಸದಲ್ಲಿ 45 ಲಕ್ಷ ಕಡಿತ, ಅಂದರೆ ಸರಿಯಾಗಿ ಅರ್ಧ. ಚೆನ್ನೈ ನಾಲ್ವರನ್ನೂ ಉಳಿಸಿಕೊಂಡಿತು. ಬೆಂಗಳೂರು ಉಳಿಸಿಕೊಂಡದ್ದು ವಿರಾಟ್ ಕೊಹ್ಲಿಯೊಬ್ಬರನ್ನೇ. ಕೋಲ್ಕತ್ತ ಸೌರವ್ ಗಂಗೂಲಿಯನ್ನೂ ಸೇರಿಸಿ ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ. ದಾದಾ ಹರಾಜಿನಲ್ಲೂ ಮಾರಾಟವಾಗದೆ ಉಳಿದಾಗ ಊರು ಕುದಿಯಿತು, ದಾದಾ ಇಲ್ಲದಿದ್ದರೆ ಕೆಕೆಆರ್ ಬೇಡ ಎಂದು ಜನ ಕೂಗಿದರು. ಆದರೆ ಪೂರ್ತಿ ಬೊಕ್ಕಸ ಹಿಡಿದು ಕೂತಿದ್ದ ತಂಡ ಗೌತಮ್ ಗಂಭೀರ್‌ಗೆ 24 ಲಕ್ಷ, ಯೂಸುಫ್ ಪಠಾಣ್‌ಗೆ 21 ಲಕ್ಷ, ಜಾಕ್ ಕಾಲಿಸ್‌ಗೆ 11 ಲಕ್ಷ ಡಾಲರ್ ಕೊಟ್ಟು ಹೊಸದಾಗಿ ಕಟ್ಟಿಕೊಂಡಿತು. 2011ರ ಕಪ್ ನಾಲ್ವರನ್ನು ಉಳಿಸಿಕೊಂಡ ಚೆನ್ನೈಗೆ. 2012ರ ಫೈನಲ್‌ನಲ್ಲಿ ಅದೇ ಚೆನ್ನೈಯನ್ನು ಅದರದೇ ಚೆಪಾಕ್‌ನಲ್ಲಿ ಸೋಲಿಸಿದ್ದು ಯಾರನ್ನೂ ಉಳಿಸಿಕೊಳ್ಳದ ಕೋಲ್ಕತ್ತ. ಸಂಖ್ಯೆಯಿಂದ ಏನೂ ತೀರ್ಮಾನವಾಗಲಿಲ್ಲ.

ತೀರ್ಮಾನ ಮಾಡುವುದು ಬೆಲೆ. ಉಳಿಸಿಕೊಳ್ಳುವ ಆಟಗಾರನಿಗೆ ಪ್ರತಿಯಾಗಿ ನೀವೇನು ಬಿಟ್ಟುಕೊಡಬೇಕು? ಏನೂ ಬಿಡಬೇಕಾಗಿಲ್ಲ ಎನ್ನುವ ಲೀಗುಗಳು ನಾನು ಕಂಡಂತೆ ಮೂರನೆಯ ವರ್ಷ ಕಾಣುವುದಿಲ್ಲ. ಹತ್ತು ಜನರ ಲೀಗ್‌ನಲ್ಲಿ ಮೂರು ಮೂರರಂತೆ ಮೂವತ್ತು ಮಂದಿ ಮೊದಲೇ ಎದ್ದು ಹೋಗುತ್ತಾರೆ. ಡ್ರಾಫ್ಟ್ ದಿನ ಎಲ್ಲರೂ ಸೇರಿ ಮೊದಲ ಸುತ್ತಿನಲ್ಲಿ ಆರಿಸುವುದು ಲೋಕದ ಮೂವತ್ತೊಂದನೆಯ ಆಟಗಾರನನ್ನು. ಮೊದಲ ವರ್ಷ ಚೀಟಿಯೆತ್ತಿದಾಗ ಅದೃಷ್ಟದಿಂದ ಹಾಲಂಡ್ ಸಿಕ್ಕವನು ಪಾಳೆಯಗಾರನಂತೆ ಮೆರೆಯುತ್ತಾನೆ, ಉಳಿದವರು ನವೆಂಬರ್ ಹೊತ್ತಿಗೆ ತಂಡ ನೋಡುವುದನ್ನೇ ಬಿಡುತ್ತಾರೆ.

ಬೆಲೆ ಕಟ್ಟಲು ಎರಡು ದಾರಿ. ಒಂದು ಸ್ಲ್ಯಾಬ್: ಮೊದಲನೆಯ ಕೀಪರ್‌ಗೆ ಇಷ್ಟು, ಎರಡನೆಯವನಿಗೆ ಇಷ್ಟು, ಅವನನ್ನು ನೀವು ಎಷ್ಟಕ್ಕೆ ತಂದಿರಿ ಎಂಬುದು ಲೆಕ್ಕಕ್ಕಿಲ್ಲ. ಐಪಿಎಲ್ ಹಿಡಿದದ್ದು ಈ ದಾರಿ. ಇನ್ನೊಂದು, ತಂದ ಬೆಲೆಯನ್ನೇ ಹಿಡಿದು ವರ್ಷ ವರ್ಷ ಏರಿಸುವುದು. ನನ್ನ ಒಲವು ಎರಡನೆಯದಕ್ಕೆ. ಕಾರಣವನ್ನೂ ಕೋಲ್ಕತ್ತವೇ ಒದಗಿಸುತ್ತದೆ.

ಶುಭಮನ್ ಗಿಲ್‌ರನ್ನು ಕೆಕೆಆರ್ 2018ರಲ್ಲಿ 1.8 ಕೋಟಿಗೆ ಕೊಂಡಿತು, ಹುಡುಗ ಆಗಿನ್ನೂ 19 ವರ್ಷದೊಳಗಿನವರ ವಿಶ್ವಕಪ್ ಆಡುತ್ತಿದ್ದ. ನಾಲ್ಕು ಸೀಸನ್ ಆಡಿಸಿ, ಬೆಳೆಸಿದರು. 2022ರ ಮೆಗಾ ಹರಾಜಿಗೆ ಮುಂಚೆ ನಾಲ್ವರನ್ನಷ್ಟೇ ಉಳಿಸಿಕೊಳ್ಳಬಹುದಿತ್ತು. ಸ್ಲ್ಯಾಬ್ ಪ್ರಕಾರ 16, 12, 8, 6 ಕೋಟಿ. ಕೋಲ್ಕತ್ತ ಆರಿಸಿದ್ದು ಆಂಡ್ರೆ ರಸೆಲ್, ವರುಣ್ ಚಕ್ರವರ್ತಿ, ವೆಂಕಟೇಶ್ ಅಯ್ಯರ್, ಸುನಿಲ್ ನಾರಾಯಣ್. ಗಿಲ್ ಹೊಸದಾಗಿ ಬಂದ ಗುಜರಾತ್‌ಗೆ 8 ಕೋಟಿಗೆ ಹೋದರು, 2023ರಲ್ಲಿ 890 ರನ್ ಹೊಡೆದು ಆರೆಂಜ್ ಕ್ಯಾಪ್ ಹಾಕಿಕೊಂಡರು. ಕೋಲ್ಕತ್ತದವರನ್ನು ಇದಕ್ಕಾಗಿ ಬೈಯುವವರು ಒಂದನ್ನು ಮರೆಯುತ್ತಾರೆ: ಸ್ಲ್ಯಾಬ್ ಪದ್ಧತಿಯಲ್ಲಿ ಹುಡುಕಿ ತಂದವನಿಗೆ ಯಾವ ರಿಯಾಯಿತಿಯೂ ಇಲ್ಲ. 1.8 ಕೋಟಿಯ ಮೇಲೆ ವರ್ಷಕ್ಕೆ ಇಷ್ಟು ಎಂದು ಏರುವ ಪದ್ಧತಿ ಇದ್ದಿದ್ದರೆ ಗಿಲ್‌ರನ್ನು ಬಿಡುವ ಮಾತೇ ಏಳುತ್ತಿರಲಿಲ್ಲ. ರಿಂಕು ಸಿಂಗ್ ಕತೆಯೂ ಇದೇ. 2022ರಲ್ಲಿ 55 ಲಕ್ಷಕ್ಕೆ ಬಂದವರನ್ನು 2025ಕ್ಕೆ ಉಳಿಸಿಕೊಳ್ಳಲು 13 ಕೋಟಿ ಕೊಡಬೇಕಾಯಿತು. ಆಟಗಾರನ ದೃಷ್ಟಿಯಿಂದ ಇದು ನ್ಯಾಯವೇ, ಅವನಿಗೂ ಸಂಸಾರವಿದೆ. ಆದರೆ ನಮ್ಮ ಫ್ಯಾಂಟಸಿ ತಂಡದ ಆಟಗಾರರು ನಮ್ಮಿಂದ ಸಂಬಳ ಕೇಳುವುದಿಲ್ಲವಲ್ಲ. ನಾವು ಸಲ್ಲಿಸಬೇಕಾದ ನ್ಯಾಯ ಹುಡುಕಿದವನ ಕಣ್ಣಿಗೆ.

ಈಗ ಫುಟ್‌ಬಾಲ್‌ಗೆ ಬರೋಣ. 2023ರ ಆಗಸ್ಟ್‌ನಲ್ಲಿ ಕೋಲ್ ಪಾಮರ್ ಮ್ಯಾಂಚೆಸ್ಟರ್ ಸಿಟಿಯ ಬೆಂಚಿನಲ್ಲಿದ್ದ ಹುಡುಗ. ಸೆಪ್ಟೆಂಬರ್ ಒಂದಕ್ಕೆ ಚೆಲ್ಸಿಗೆ ಹೋದ, ಸೀಸನ್ ಮುಗಿಯುವಷ್ಟರಲ್ಲಿ ಲೀಗ್‌ನಲ್ಲಿ 22 ಗೋಲು, 11 ಅಸಿಸ್ಟ್. ಡ್ರಾಫ್ಟ್‌ನ ಹದಿನಾಲ್ಕನೆಯ ಸುತ್ತಿನಲ್ಲಿ ಅವನನ್ನು ಎತ್ತಿಟ್ಟ ಪುಣ್ಯಾತ್ಮನನ್ನು ಊಹಿಸಿಕೊಳ್ಳಿ. ಮುಂದಿನ ವರ್ಷ ಪಾಮರ್‌ನನ್ನು ಹದಿನಾಲ್ಕನೆಯ ಸುತ್ತಿನ ಬೆಲೆಗೇ ಇಟ್ಟುಕೊಂಡರೆ ಮೊದಲ ಸುತ್ತಿನ ಆಯ್ಕೆ ಅವನ ಕೈಯಲ್ಲಿ ಹಾಗೇ ಇರುತ್ತದೆ, ಅದರಲ್ಲಿ ಮೊಹಮ್ಮದ್ ಸಲಾನನ್ನು ತಂದರೆ 29 ಗೋಲು, 18 ಅಸಿಸ್ಟ್. ಇಂಥ ಒಂದು ವರ್ಷ ಅವನಿಗೆ ಸಲ್ಲಬೇಕಾದದ್ದೇ, ಅಷ್ಟರ ಮಟ್ಟಿಗೆ ಅವನ ಕಣ್ಣು ಚುರುಕಾಗಿತ್ತು. ಹತ್ತು ವರ್ಷ ಸಲ್ಲಬಾರದು. ಆದ್ದರಿಂದ ಉಳಿಸಿಕೊಂಡ ಪ್ರತಿ ವರ್ಷಕ್ಕೆ ಮೂರು ಸುತ್ತು ಮೇಲೆ: ಹದಿನಾಲ್ಕು, ಹನ್ನೊಂದು, ಎಂಟು, ಐದು. ಐದನೆಯ ಸುತ್ತಿಗೆ ಬರುವ ಹೊತ್ತಿಗೆ ಲಾಭ ಕರಗಿ, ಇಟ್ಟುಕೊಳ್ಳಲೋ ಬಿಡಲೋ ಎಂದು ಅವನೂ ರಾತ್ರಿ ನಿದ್ದೆಗೆಡುತ್ತಾನೆ. ಆ ನಿದ್ದೆಗೇಡೇ ಕೀಪರ್ ಲೀಗಿನ ಸುಖ. ಸೀಸನ್ ನಡುವೆ ಬಿಡಿಯಾಗಿ ಎತ್ತಿಕೊಂಡವನನ್ನು ಹತ್ತನೆಯ ಸುತ್ತಿನವನೆಂದು ಬರೆದುಕೊಳ್ಳಿ. ಮೊದಲೆರಡು ಸುತ್ತಿನಲ್ಲಿ ಬಂದವರನ್ನು ಉಳಿಸಿಕೊಳ್ಳುವಂತೆಯೇ ಇಲ್ಲ ಎಂದರೆ ಹಾಲಂಡ್‌ರಂಥವರು ಪ್ರತಿ ಆಗಸ್ಟ್‌ಗೆ ಸಂತೆಗೆ ಬರುತ್ತಾರೆ, ಡ್ರಾಫ್ಟ್ ದಿನಕ್ಕೂ ಕಳೆ ಬರುತ್ತದೆ.

ಕೀಪರ್ ಪಟ್ಟಿ ಕೊಡುವ ದಿನದ ಬಗ್ಗೆ ಲೀಗುಗಳು ತುಂಬ ಉದಾಸೀನ. ಹ್ಯಾರಿ ಕೇನ್ ಟಾಟನ್‌ಹ್ಯಾಮ್ ಬಿಟ್ಟು ಬಯರ್ನ್ ಮ್ಯೂನಿಕ್‌ಗೆ ಹೋದದ್ದು 2023ರ ಆಗಸ್ಟ್ 12ಕ್ಕೆ, ಪ್ರೀಮಿಯರ್ ಲೀಗ್ ಶುರುವಾದ ಮರುದಿನ. ಜುಲೈಯಲ್ಲೇ ಪಟ್ಟಿ ಕೊಟ್ಟು ಕೇನ್‌ರನ್ನು ಉಳಿಸಿಕೊಂಡವರ ಕೈಯಲ್ಲಿ ಉಳಿದದ್ದು ಜರ್ಮನಿಯ ವಿಳಾಸ. ಪಟ್ಟಿಯನ್ನು ಡ್ರಾಫ್ಟ್‌ಗೆ ಎರಡು ದಿನ ಮುಂಚೆ, ಎಲ್ಲರೂ ಒಂದೇ ಗಳಿಗೆಯಲ್ಲಿ, ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು. ಆಮೇಲೂ ಲೀಗ್ ಬಿಟ್ಟು ಹೋದರೆ ಪರಿಹಾರ ಇಲ್ಲ. ಪರಿಹಾರ ಕೊಡಲು ಹೊರಟ ಲೀಗುಗಳಲ್ಲಿ ಕೋರ್ಟು ಕಚೇರಿಯ ವಾತಾವರಣ ಬಂದುಬಿಡುತ್ತದೆ. ಒಬ್ಬ ಆಟಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ನಿಯಮ ಬರೆಯುವುದಂತೂ ಬೇಡವೇ ಬೇಡ. ಅಂತರರಾಷ್ಟ್ರೀಯ ಪಂದ್ಯ ಆಡಿ ಐದು ವರ್ಷವಾದವರನ್ನು ‘ಅನ್‌ಕ್ಯಾಪ್ಡ್’ ಎಂದು ಎಣಿಸುವ ಹಳೆಯ ನಿಯಮ 2025ರ ಸೀಸನ್ನಿಗೆ ಐಪಿಎಲ್‌ಗೆ ಮರಳಿ ಬಂತು, ಧೋನಿ 4 ಕೋಟಿಗೆ ಚೆನ್ನೈಯಲ್ಲೇ ಉಳಿದರು. ನಿಯಮ ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಉಳಿಸಿಕೊಳ್ಳುವ ನಿಯಮವೇ ಇಲ್ಲದ ಫುಟ್‌ಬಾಲ್ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಕೋಲ್ಕತ್ತ ಮೈದಾನದ ಹಳೆಯ ದಿನಗಳಿಗೆ ಹೋಗಬೇಕು. ಪ್ರತಿ ವರ್ಷ ‘ದಲ್ ಬದಲ್’, ತಂಡ ಬದಲಾಯಿಸುವ ಹಬ್ಬ. ಸಹಿ ಮುಗಿಯುವವರೆಗೆ ಎದುರಾಳಿ ಕ್ಲಬ್ಬಿನ ಕಣ್ಣಿಗೆ ಬೀಳದಂತೆ ಆಟಗಾರರನ್ನು ಅಭಿಮಾನಿಗಳ ಮನೆಯಲ್ಲಿ ಬಚ್ಚಿಡುತ್ತಿದ್ದ ಕತೆಗಳು ಚಹಾ ಅಂಗಡಿಗಳಲ್ಲಿ ಇಂದಿಗೂ ಚಲಾವಣೆಯಲ್ಲಿವೆ. 1980ರಲ್ಲಿ ಈಸ್ಟ್ ಬೆಂಗಾಲ್‌ನ ಸುರಜಿತ್ ಸೇನ್‌ಗುಪ್ತ ಮೊದಲಾದ ದೊಡ್ಡ ಹೆಸರುಗಳು ಒಟ್ಟಾಗಿ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಹೋದವು. ಬರಿದಾದ ತಂಡ ಅಲೀಗಢದಲ್ಲಿ ಓದುತ್ತಿದ್ದ ಇರಾನಿ ಹುಡುಗರನ್ನು ಕರೆತಂದಿತು. ಅವರಲ್ಲೊಬ್ಬ ಮಜೀದ್ ಬಿಸ್ಕರ್, ಆತನ ಕಾಲ್ಚಳಕವನ್ನು ನೆನೆದು ಮುದುಕರು ಈಗಲೂ ಕಣ್ಣರಳಿಸುತ್ತಾರೆ.

ನಿಯಮವಿಲ್ಲದೆಯೂ ಉಳಿದವರಿದ್ದರು, ಮತ್ತು ಅದರಲ್ಲಿ ನಮ್ಮವರ ಪಾಲು ದೊಡ್ಡದು. 1949ರಿಂದ ಈಸ್ಟ್ ಬೆಂಗಾಲ್‌ನ ಮುಂಪಡೆಯಲ್ಲಿ ಒಟ್ಟಾಗಿ ಆಡಿದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಅವರನ್ನು ಬಂಗಾಳ ಪಂಚಪಾಂಡವರೆಂದು ಕರೆಯಿತು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಧನರಾಜ್, ಅಹ್ಮದ್ ಖಾನ್ ಬೆಂಗಳೂರಿನವರು. ಐವರೂ ಜೊತೆಯಲ್ಲಿದ್ದ 1949, 50, 51ರಲ್ಲಿ ಐಎಫ್‌ಎ ಶೀಲ್ಡ್ ಸತತ ಮೂರು ಸಲ ಈಸ್ಟ್ ಬೆಂಗಾಲ್‌ಗೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಭಾರತ 10–1ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನ್‌ರದು. ಅವರು ದಶಕದ ಕೊನೆಯವರೆಗೂ ಈಸ್ಟ್ ಬೆಂಗಾಲ್ ಬಿಡಲಿಲ್ಲ. ಫ್ಯಾಂಟಸಿಯಲ್ಲಿ ನಮಗೆ ಬೇಕಾದ ರುಚಿ ಇದೇ: ವರ್ಷಗಟ್ಟಲೆ ಒಬ್ಬ ಆಟಗಾರನ ಹೆಸರು ನಮ್ಮ ತಂಡದ ಹೆಸರಿಗೆ ಅಂಟಿಕೊಂಡಿರುವುದು. ಒಂದೇ ಪಂದ್ಯಕ್ಕೆ ಹನ್ನೊಂದು ಜನರನ್ನು ಆರಿಸಿ, ರಾತ್ರಿ ಹತ್ತಕ್ಕೆ ಮರೆತುಬಿಡುವ ದುಡ್ಡಿನಾಟಗಳಲ್ಲಿ ಇದು ಸಿಗುವಂಥದ್ದಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ಅಂಥ ಪಂದ್ಯಗಳ ಬಾಗಿಲು ಮುಚ್ಚಿದಾಗ ನಾನಂತೂ ಕಣ್ಣೀರು ಹಾಕಲಿಲ್ಲ. ಕೀಪರ್ ಲೀಗ್‌ಗೆ ಬೇಕಾದದ್ದು ಹತ್ತು ಗೆಳೆಯರು, ಒಂದು ಲೆಕ್ಕದ ಹಾಳೆ, ಜಗಳ ಬಿಡಿಸಲು ಗಂಟಲಿರುವ ಒಬ್ಬ ಯಜಮಾನ.

ಆ ಯಜಮಾನನಿಗೆ ನಿಜವಾದ ತಲೆನೋವು ಕೆಳಗಿನ ಮೂವರಿಂದ ಬರುತ್ತದೆ. ಜನವರಿಯಲ್ಲೇ ಆಸೆ ಬಿಟ್ಟವನು ಇರುವ ಒಳ್ಳೆಯವರನ್ನೆಲ್ಲ ಮುಂದಿನ ವರ್ಷದ ಆಯ್ಕೆಗಳಿಗೆ ಬದಲಾಗಿ ಮಾರಿ ಕೂರುತ್ತಾನೆ, ಅವರನ್ನು ಕೊಂಡವನು ಕಪ್ ಎತ್ತುತ್ತಾನೆ. ಫೆಬ್ರುವರಿ ಮೊದಲ ವಾರಕ್ಕೆ ಅದಲು ಬದಲು ನಿಲ್ಲಿಸಿ. ಮೊದಲ ಆಯ್ಕೆಯನ್ನು ಕಟ್ಟಕಡೆಯವನಿಗೆ ಕೊಡಬೇಡಿ, ಬಹುಮಾನದಿಂದ ಹೊರಗುಳಿದವರಲ್ಲಿ ಮೇಲಿದ್ದವನಿಗೆ ಕೊಡಿ, ಕೊನೆಯ ವಾರದವರೆಗೂ ಆಡುತ್ತಾರೆ. ನಡುವೆ ಯಾರೋ ಲೀಗ್ ಬಿಟ್ಟು ಹೋದರೆ ಹೊಸಬನಿಗೆ ಆ ಪಾಳುಬಿದ್ದ ತಂಡವನ್ನು ಹಾಗೆಯೇ ದಾಟಿಸುವುದು ಕ್ರೌರ್ಯ. ಐಪಿಎಲ್‌ಗೆ ಹೊಸದಾಗಿ ಬಂದ ಗುಜರಾತ್, ಲಖನೌ ತಂಡಗಳಿಗೆ ಹರಾಜಿಗೆ ಮುಂಚೆ ಮೂವರನ್ನು ಆರಿಸಿಕೊಳ್ಳಲು ಬಿಟ್ಟರಲ್ಲ, ಹಾಗೆ ಬೇರೆಯವರು ಬಿಟ್ಟವರಲ್ಲಿ ಮೂವರನ್ನು ಮೊದಲು ಆರಿಸಲು ಬಿಡಿ. ಗುಜರಾತ್ ಮೊದಲ ವರ್ಷವೇ ಕಪ್ ಗೆದ್ದದ್ದು ನೆನಪಿದ್ದರೆ ಮೂವರ ಬದಲು ಇಬ್ಬರು ಎನ್ನಿ.

ಕೊನೆಯದಾಗಿ ಪಟ್ಟಿ ಬರೆಯುವ ರಾತ್ರಿಗೆ ಒಂದು ಲೆಕ್ಕ. 2024ರ ಕಪ್ ಗೆದ್ದ ಕೆಕೆಆರ್ ಆರು ಜನರನ್ನು ಉಳಿಸಿಕೊಂಡಿತು. ಆಟಗಾರರಿಗೆ ಕೊಟ್ಟದ್ದು ಒಟ್ಟು 57 ಕೋಟಿ, ಸ್ಲ್ಯಾಬ್ ಪ್ರಕಾರ ಬೊಕ್ಕಸದಿಂದ ಹೋದದ್ದು 69 ಕೋಟಿ. ಕಪ್ ಗೆದ್ದ ನಾಯಕ ಶ್ರೇಯಸ್ ಅಯ್ಯರ್ ಆ ಆರರಲ್ಲಿ ಇರಲಿಲ್ಲ. ಅವರು 26.75 ಕೋಟಿಗೆ ಪಂಜಾಬ್ ಸೇರಿ ಮುಂದಿನ ವರ್ಷ ಆ ತಂಡವನ್ನು ಫೈನಲ್‌ಗೆ ಒಯ್ದರು. ವೆಂಕಟೇಶ್ ಅಯ್ಯರ್ ಕೂಡ ಪಟ್ಟಿಯ ಹೊರಗೆ. 2021ರಲ್ಲಿ 20 ಲಕ್ಷಕ್ಕೆ ಬಂದ ಹುಡುಗ. ಆರೂ ಜಾಗ ತುಂಬಿದ್ದರಿಂದ ಹರಾಜಿನ ಬೆಲೆಗೆ ಸರಿಗಟ್ಟಿ ಹಳಬನನ್ನು ಮರಳಿ ಪಡೆಯುವ ರೈಟ್ ಟು ಮ್ಯಾಚ್ ಕಾರ್ಡೂ ಇರಲಿಲ್ಲ, ಬಹಿರಂಗ ಹರಾಜಿನಲ್ಲಿ ಬೆಂಗಳೂರಿನ ಜೊತೆ ಜಗ್ಗಾಡಿ 23.75 ಕೋಟಿಗೆ ಮರಳಿ ತಂದರು. 2025ರಲ್ಲಿ ಅವರು ಹೊಡೆದದ್ದು 142 ರನ್, ತಂಡಕ್ಕೆ ಎಂಟನೆಯ ಸ್ಥಾನ. ಸೀಸನ್ ಮುಗಿದ ಮೇಲೆ ಕೋಲ್ಕತ್ತ ಅವರನ್ನು ಕೈಬಿಟ್ಟಿತು. ಡಿಸೆಂಬರ್ ಹರಾಜಿನಲ್ಲಿ ಬೆಂಗಳೂರಿಗೆ ಅದೇ ವೆಂಕಟೇಶ್ 7 ಕೋಟಿಗೆ ಸಿಕ್ಕರು.